ಉಳವಪ್ಪನ ಒಂದೇ ಒಂದು ಖರೇ ಮಾತು

ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ, ಬೇಕರಿಯೊಂದರ ಮೇಲಿನ ಮಹಡಿಗೆ ಆರಡಿ ಉದ್ದದ ಹಳದಿ ಬೋರ್ಡು: ‘ಉಳವಪ್ಪ ಗುಪ್ತ ಮಾಹಿತಿ ಕೇಂದ್ರ’. ‘ಗುಪ್ತ’ ಎಂಬುದು ಯಾರ ಕಣ್ಣಿಗೂ ತಪ್ಪಬಾರದೆಂದು ಅದಕ್ಕೆ ದೀಪ ಬೇರೆ. ಇಪ್ಪತ್ತೆರಡು ವರ್ಷಗಳಿಂದ ಉಳವಪ್ಪನವರು ವರರ ಗುಣಾವಗುಣ ಶೋಧಿಸಿ, ಹೆಣ್ಣು ಹೆತ್ತವರಿಗೆ ವರದಿ ಒಪ್ಪಿಸುತ್ತ ಬಂದ ಮಹಾಶೂರರು. ಒಂದು ಸಲ ವಿಮಾ ಏಜೆಂಟರಾಗಿ, ಇನ್ನೊಂದು ಸಲ ಜನಗಣತಿಯವರಾಗಿ, ಒಮ್ಮೆಯಂತೂ ಸೊಳ್ಳೆಗೆ ಹೊಗೆ ಹಾಕುವವರಾಗಿ ಓಣಿಗಳ ಮೇಲೆ ದಂಡೆತ್ತಿ ಹೋಗಿದ್ದರು. ಖಾನಾಪುರ ತಾಲೂಕಿನಲ್ಲಿ ಅವರ ಸ್ಕೂಟರು ಕೆಮ್ಮಿದರೆ ಸಾಕು, ಗಂಡುಮಕ್ಕಳ ತಾಯಂದಿರು ಬಾಗಿಲಿಗೆ ಬಂದು ಮಗನನ್ನು ಹೊಗಳಲು ನಿಲ್ಲುತ್ತಿದ್ದರು. ಅಷ್ಟು ವರ್ಷಗಳಲ್ಲಿ ನಿಜ ಹೇಳಿ ಕೆಲಸ ಮಾಡಿದ ದಿನ ಒಂದೂ ಇರಲಿಲ್ಲ.

ಅಂಥ ದಿನವೂ ಬಂತು. ಆರೋಪಿಯ ಪರ ವಕೀಲೆ ಕಾಂತಾ ಉಳವಪ್ಪನವರನ್ನು ಕರೆಸಿ ಕೊಲೆ ಕೇಸೊಂದರ ಕೆಲಸ ಒಪ್ಪಿಸಿದರು. ನಂದಗಡದ ಕುರಿ ವ್ಯಾಪಾರಿ ಬಾಳಾಸಾಹೇಬನನ್ನು ಸಂತೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಯಾರೋ ಕಲ್ಲಿನಿಂದ ಜಜ್ಜಿ ಕೊಂದಿದ್ದರು. ಅದೇ ಊರಿನ ಸಿದರಾಯ ಹಿಂದಿನ ವಾರ ಟಗರಿನ ವಿಷಯಕ್ಕೆ ಅವನ ಕೊರಳಪಟ್ಟಿ ಹಿಡಿದಿದ್ದ. ಪೊಲೀಸರಿಗೆ ಅಷ್ಟು ಸಾಕಾಯಿತು.

“ಆ ಹೊತ್ತಿನ್ಯಾಗ ಸಿದರಾಯ ಇಲ್ಲೆ ಬೆಳಗಾವಿ ಮಗ್ಗಲ ಮಚ್ಛೆದಾಗಿದ್ನಂತ,” ಎಂದರು ಕಾಂತಾ. “ಫ್ಯಾಕ್ಟರಿ ತಪ್ಪಿಸಿ ಮಾಯಕ್ಕನ ಖಾನಾವಳಿ ಹಿಂದ ಕುಂತು ಕುಡ್ಯಾಕತ್ತಿದ್ನಂತ. ಮೊಬೈಲ್ ರಿಪೇರಿಗೆ ಕೊಟ್ಟಿದ್ದ. ಬ್ಯಾರೆ ಯಾರೂ ನೋಡಿಲ್ಲ. ಆಕಿ ಒಂದು ಮಾತು ಹೇಳಿದ್ರ ಹುಡುಗ ಉಳಿತಾನ. ಇಲ್ಲಂದ್ರ ಜೀವಾವಧಿ.”

“ಒಂದು ಮಾತಲ್ಲೇನ್ರಿ? ಸಂಜೀಕ ತರ್ತೀನಿ,” ಎಂದು ಉಳವಪ್ಪನವರು ಹೆಲ್ಮೆಟ್ಟನ್ನು ಕಿರೀಟದಂತೆ ಧರಿಸಿ ಹೊರಟರು.

ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ, ಅಂಗಿಯ ಜೇಬಿಗಿಳಿಸಿ ಖಾನಾವಳಿ ಹೊಕ್ಕರು. ಬಾಯಿಗೆ ಇಪ್ಪತ್ತೆರಡು ವರ್ಷದ ರೂಢಿ. ಮಾತು ತಾನಾಗಿಯೇ ಬಂತು. “ಯಕ್ಕಾ, ನಂದಗಡದ ಸಿದರಾಯ ಅಂತ... ಹುಡುಗ ಹೆಂಗ?”

ಮಾಯಕ್ಕ ಅವರನ್ನು ಗುರುತಿಸಿದ್ದಳು. ನಾಲ್ಕು ವರ್ಷದ ಹಿಂದೆ ಇದೇ ಮನುಷ್ಯ ವಿಮಾ ಏಜೆಂಟನಾಗಿ ಬಂದು ಅವಳ ತಂಗಿಯ ಮಗ ಸತ್ಯಪ್ಪನ ಬಗ್ಗೆ ಕೇಳಿದಾಗ, “ಹಬ್ಬಕ್ಕೊಮ್ಮಿ ತಗೋತಾನ್ರಿ,” ಎಂದುಬಿಟ್ಟಿದ್ದಳು. ಸತ್ಯಪ್ಪನಿಗೆ ಇನ್ನೂ ಮದುವೆಯಾಗಿಲ್ಲ.

“ಬಂಗಾರದಂಥಾ ಹುಡುಗ!” ಎಂದಳು. “ಕುಡಿಯೂದಂದ್ರ ಏನಂತ ಗೊತ್ತಿಲ್ಲ ಅವಗ. ನಮ್ಮ ಕಡಿ ಹೆಜ್ಜಿ ಸುದ್ದಾ ಇಟ್ಟಿಲ್ಲ.”

“ಲಗ್ನದ್ದಲ್ಲ ಯಕ್ಕಾ, ಕೊಲಿ ಕೇಸು! ಅವ ಇಲ್ಲಿ ಕುಡದಾನ ಅಂದ್ರನ ಉಳಿತಾನ. ಖರೇ ಹೇಳಾಕತ್ತೀನಿ, ನಮ್ಮವ್ವನ ಆಣಿ!”

“ಹೋದ ಸರ್ತಿ ವಿಮಾ, ಈ ಸರ್ತಿ ಕೊಲಿ. ಮುಂದಿನ ಸರ್ತಿ ಯಮಧರ್ಮ ಆಗಿ ಬರ್ತೀರೇನ್ರಿ? ನಡೀರಿ, ನಡೀರಿ. ಇನ್ನೊಬ್ಬರ ಮನಿ ಹುಡುಗನ್ನ ನಾ ಕೆಡಸಂಗಿಲ್ಲ,” ಎಂದು ಮಾಯಕ್ಕ ಕೈಯಲ್ಲಿದ್ದ ಸೌಟೆತ್ತಿದಳು.

ಜೀವನದಲ್ಲಿ ಮೊದಲ ಬಾರಿ ಸತ್ಯ ನುಡಿದ ವೀರರು ಹೀಗೆ ಸೌಟೊಂದರ ಮುಂದೆ ಸೋತು ಹಿಂದಿರುಗಿದರು. ರೆಕಾರ್ಡಿಂಗ್ ಕೇಳಿದ ಕಾಂತಾ, “ಸಾಕ್ಷಿಗೆ ನೀವ ಹೇಳಿಕೊಟ್ಟಂಗ ಐತಿ, ಇದು ಕೋರ್ಟಿಗೆ ಬರಂಗಿಲ್ಲ,” ಎಂದರು.

ಎರಡು ದಿನ ಬಿಟ್ಟು ಮಫ್ತಿಯಲ್ಲಿ ಪೊಲೀಸನೊಬ್ಬ ಹೋದ, ಸಿದರಾಯ ಹೇಳಿದ್ದು ನಿಜವೇ ಎಂದು ಕೇಳಲು. ಇವನೂ ಉಳವಪ್ಪನ ಕಡೆಯವನೇ ಎಂದುಕೊಂಡ ಮಾಯಕ್ಕ ಅದೇ ರಾಗವನ್ನು ಇನ್ನಷ್ಟು ಎತ್ತರದಲ್ಲಿ ಹಾಡಿದಳು. ಅವನು ಬರೆದುಕೊಂಡ.

ಮರುವಾರ ಉಳವಪ್ಪನವರು ಬಿಂಕ ಬಿಟ್ಟು, ಸಿದರಾಯನ ತಾಯಿ ಸಾತವ್ವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮಚ್ಛೆಗೆ ಹೋದರು. ಸಾತವ್ವ ಮಾಯಕ್ಕನ ಕಾಲಿಗೆ ಹಣೆ ಹಚ್ಚಿದಳು.

“ಅಯ್ಯ ಶಿವನ!” ಮಾಯಕ್ಕನ ಕೈಯಿಂದ ಸೌಟು ಬಿತ್ತು. “ಖರೇನ ಕೊಲಿ ಕೇಸೇನ್ರಿ?”

ಕೋರ್ಟಿನಲ್ಲಿ ಅವಳು ಸರಕಾರದ ಸಾಕ್ಷಿಯಾಗಿ ನಿಂತು ಸರಕಾರಕ್ಕೇ ತಿರುಗಿಬಿದ್ದಳು. ಮೂರರಿಂದ ಆರರವರೆಗೆ ಸಿದರಾಯ ತನ್ನ ಹಿತ್ತಿಲಲ್ಲೇ ಇದ್ದ, ಕುಡಿದ, ಎರಡು ಆಮ್ಲೆಟ್ ತಿಂದ ಎಂದು ಅಳುತ್ತ ಹೇಳಿದಳು. ಸರಕಾರಿ ವಕೀಲರು ಪೊಲೀಸನ ಕಾಗದ ಎತ್ತಿಕೊಂಡರು.

“ಅವತ್ತು ಹೆಜ್ಜಿನೂ ಇಟ್ಟಿಲ್ಲ ಅಂದಿ. ಇವತ್ತು ಆಮ್ಲೆಟ್ ತಿಂದ ಅಂತಿ. ಯಾವುದು ಸುಳ್ಳು?”

“ಅವತ್ತಿಂದು ಸುಳ್ಳರಿ.”

“ಯಾಕ ಹೇಳಿದಿ?”

“ಲಗ್ನಕ್ಕ ಕೇಳಾಕತ್ತಾರ ಅಂತ ತಿಳಕೊಂಡಿದ್ನಿರಿ.”

ಕೋರ್ಟೆಲ್ಲ ನಕ್ಕಿತು. ಕಟಕಟೆಯೊಳಗಿನ ಸಿದರಾಯನೂ ಒಂದು ಕ್ಷಣ ನಕ್ಕ. ತೀರ್ಪಿನಲ್ಲಿ ಮಾಯಕ್ಕನಿಗೆ ಸಿಕ್ಕಿದ್ದು ಒಂದೇ ಸಾಲು: ನಂಬಲರ್ಹಳಲ್ಲ. ಸಿದರಾಯನಿಗೆ ಜೀವಾವಧಿ.

ಈಗ ಬೋರ್ಡಿನ ದೀಪ ಉರಿಯುವುದಿಲ್ಲ. ಹಿಂಡಲಗಾ ಜೈಲಿನಲ್ಲಿ ಮಗನನ್ನು ನೋಡಿ ಮರಳುವಾಗ ಸಾತವ್ವ ಆ ಮಹಡಿ ಹತ್ತುತ್ತಾಳೆ. ಮೊದಲ ಸಲ, ಬೈಯಲು ಬಂದಳೆಂದು ಉಳವಪ್ಪನವರು ತಲೆ ತಗ್ಗಿಸಿ ನಿಂತಿದ್ದರು.

“ಆಕಿ ನನ್ನ ಮಗನ್ನ ಏನೋ ಅಂದಿದ್ಲಲ್ರಿ, ಅದು ಇದರಾಗ ಇನ್ನೂ ಐತೇನ್ರಿ?” ಎಂದು ಉಳವಪ್ಪನವರ ಮೊಬೈಲ್ ತೋರಿಸಿದಳು.

ಒತ್ತಿದರು. “ಬಂಗಾರದಂಥಾ ಹುಡುಗ! ಕುಡಿಯೂದಂದ್ರ...”

“ಮುಂದಿಂದು ಬ್ಯಾಡ್ರಿ,” ಎಂದಳು ಸಾತವ್ವ. “ಮೊದಲಿಂದು ಅಷ್ಟ ಇನ್ನೊಮ್ಮಿ ಹಚ್ಚರಿ.”