ಗೂಳಪ್ಪ ಸರ್ ಬರೆಸಿದ ಎರಡು ಲೋಲಕಗಳು

ಗೂಳಪ್ಪ ಸರ್ ನಿವೃತ್ತರಾಗುತ್ತಿದ್ದಾರೆ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಜಮಖಂಡಿಯಲ್ಲಿ ಸನ್ಮಾನ ಇಟ್ಟುಕೊಂಡಿದ್ದಾರೆ, ಸ್ಮರಣ ಸಂಚಿಕೆಯನ್ನೂ ತರುತ್ತಾರಂತೆ. ಎರಡು ಪುಟ ಬರೆದುಕೊಡು ಎಂದು ನನಗೂ ಪತ್ರ ಬಂತು. ‘ಸರಳ ಸಜ್ಜನ’, ‘ಜ್ಞಾನದ ಗಣಿ’ ಎಂದೆಲ್ಲ ತುಂಬಿಸಿ ಎರಡು ಪುಟ ಅಂಚೆಗೆ ಹಾಕಿದ್ದೇನೆ. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಚಿಮ್ಮಡದವರು. ಅರವತ್ಮೂರರಲ್ಲಿ ಧಾರವಾಡದಿಂದ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದು ಜಮಖಂಡಿಯ ನಮ್ಮ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದರು. ಸೇರಿದ ದಿನವೇ ಓದುವುದನ್ನು ನಿಲ್ಲಿಸಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ರಟ್ಟಿನ ನೋಟಬುಕ್ಕು. ಧಾರವಾಡದಲ್ಲಿ ತಾವು ಬರೆದುಕೊಂಡದ್ದನ್ನೇ ನಮಗೆ ಬರೆಸುತ್ತಿದ್ದರು, ಅಲ್ಪವಿರಾಮ, ಪೂರ್ಣವಿರಾಮ ಸಮೇತ. ಅವರ ಪಾಠದಲ್ಲಿ ಕೇಳಬಹುದಾದ ಪ್ರಶ್ನೆ ಒಂದೇ: ‘ಸರ, ಇನ್ನೊಮ್ಮೆ ಹೇಳ್ರಿ.’

ಪ್ರಯೋಗಾಲಯದ ಕಥೆ ಇನ್ನೂ ಚೆನ್ನ. ನಡುವೆ ಸ್ಪ್ರಿಂಗ್ ಜೋಡಿಸಿದ ಎರಡು ಲೋಲಕಗಳ ಉಪಕರಣವೊಂದು ಗಾಜಿನ ಕಪಾಟಿನಲ್ಲಿತ್ತು. ವರ್ಷಕ್ಕೊಮ್ಮೆ ತಪಾಸಣೆಯವರು ಬಂದಾಗ ಅದನ್ನು ಹೊರಗೆ ತೆಗೆದು, ಧೂಳು ಒರೆಸಿ, ಅವರಿಗೆ ತೋರಿಸಿ, ಮತ್ತೆ ಒಳಗಿಟ್ಟು ಬೀಗ ಜಡಿಯುತ್ತಿದ್ದರು. ಹುಡುಗರ ಕೈಗೆ ಕೊಟ್ಟು ಮುರಿದರೆ ಜವಾಬ್ದಾರಿ ಯಾರದು? ಆದರೆ ಎಲ್ಲರ ಜರ್ನಲಿನಲ್ಲೂ ಆ ಪ್ರಯೋಗ ಇರಲೇಬೇಕಿತ್ತು. ಹಿಂದಿನ ವರ್ಷದವರ ಜರ್ನಲ್ ತಂದು ರೀಡಿಂಗುಗಳನ್ನು ಇಳಿಸಿಕೊಳ್ಳುತ್ತಿದ್ದೆವು. ಅನುಮಾನ ಬಾರದಿರಲೆಂದು ಕೊನೆಯ ಅಂಕಿಯನ್ನು ಮಾತ್ರ ಆಚೀಚೆ ಮಾಡುತ್ತಿದ್ದೆವು. ಸರ್ ಕೆಂಪು ಶಾಯಿಯಲ್ಲಿ ಸಹಿ ಹಾಕುತ್ತಿದ್ದರು. ಇದಕ್ಕೆ ವಿಜ್ಞಾನ ಎಂದು ಹೆಸರು.

ಎಪ್ಪತ್ತೆಂಟರ ಜನವರಿಯಲ್ಲಿ ಅವರು ನಮ್ಮ ಬಿ.ಎಸ್ಸಿ. ಕೊನೆಯ ವರ್ಷದವರಿಗೆ ಆ ಜೋಡಿ ಲೋಲಕಗಳ ಲಗ್ರಾಂಜಿಯನ್ ಬರೆಸಿದರು. ಹೆಸರು ದೊಡ್ಡದು, ಕೆಲಸ ಸಣ್ಣದು. ಲೋಲಕಗಳ ತುದಿಯ ಎರಡೂ ಗುಂಡುಗಳ ಚಲನಶಕ್ತಿಯನ್ನು ಕೂಡಿಸಿ, ಅದರಲ್ಲಿ ಒಟ್ಟು ಪ್ರಚ್ಛನ್ನಶಕ್ತಿಯನ್ನು ಕಳೆಯಬೇಕು. ಉಳಿದದ್ದೇ ಲಗ್ರಾಂಜಿಯನ್, ಗುಂಡುಗಳು ಹೇಗೆ ತೂಗುತ್ತವೆ ಎಂಬ ಸಮೀಕರಣಗಳು ಅದರಿಂದ ಹೊರಡುತ್ತವೆ. ಎಚ್ಚರ ಬೇಕಾದದ್ದು ಸ್ಪ್ರಿಂಗಿನ ಲೆಕ್ಕದಲ್ಲಿ. ಎರಡೂ ಗುಂಡುಗಳು ಒಂದೇ ಕಡೆಗೆ ಅಷ್ಟಷ್ಟೇ ಸರಿದರೆ ಸ್ಪ್ರಿಂಗ್ ಹಿಗ್ಗುವುದೇ ಇಲ್ಲ. ಆದ್ದರಿಂದ ಅಲ್ಲಿ ಗುಂಡುಗಳು ಸರಿದ ದೂರಗಳಾದ ಎಕ್ಸ್ ಒಂದು ಮತ್ತು ಎಕ್ಸ್ ಎರಡರ ವ್ಯತ್ಯಾಸವನ್ನು ವರ್ಗ ಮಾಡಬೇಕು. ಸರ್ ಬರೆಸಿದ್ದು ಎಕ್ಸ್ ಒಂದರ ವರ್ಗ, ಕೂಡಿಸು, ಎಕ್ಸ್ ಎರಡರ ವರ್ಗ. ಇಪ್ಪತ್ತಮೂರು ಜನ ತಲೆ ತಗ್ಗಿಸಿ ಬರೆದುಕೊಂಡೆವು.

ಇಪ್ಪತ್ನಾಲ್ಕನೆಯವಳು ಎದ್ದು ನಿಂತಳು. ಶೇವಂತಿ, ಬನಹಟ್ಟಿಯ ನೇಕಾರ ರಾಮಲಿಂಗಪ್ಪನ ಮಗಳು. ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದಳು. ಧಾರವಾಡದ ಎಂ.ಎಸ್ಸಿ. ಸೀಟಿನ ಆಸೆ ಇಟ್ಟುಕೊಂಡಿದ್ದವರು ಅವಳು ಮತ್ತು ನಾನು, ಇಬ್ಬರೇ. ಫಸ್ಟ್ ಕ್ಲಾಸ್ ಬಂದರೆ ಓದಿಸುತ್ತೇನೆ, ಇಲ್ಲದಿದ್ದರೆ ಬಂದು ಮಗ್ಗಕ್ಕೆ ಕುಳಿತುಕೋ ಎಂದು ಅವಳ ಅಪ್ಪ ಹೇಳಿಟ್ಟಿದ್ದ.

‘ಸರ, ನಮ್ಮವ್ವ ಮಗ್ಗದ ಬಾಜೂಕ ಎರಡು ತೊಟ್ಟಿಲಾ ಕಟ್ಯಾಳ್ರಿ’ ಎಂದಳು. ‘ಅಣ್ಣನ ಕೂಸು ಒಂದ್ರಾಗ, ಅಕ್ಕನ ಕೂಸು ಒಂದ್ರಾಗ. ನಡುವ ಹಳೇ ಸೀರಿ ಪಟ್ಟಿ ಕಟ್ಟೇವಿ. ಒಂದನ್ನ ತೂಗಿ ಬಿಟ್ರ, ಸ್ವಲ್ಪ ಹೊತ್ತಿಗೆ ಎರಡನೇದ್ದು ತಾನಾ ತೂಗಾಕ ಹತ್ತತೈತಿ, ಮೊದಲನೇದ್ದು ನಿಲ್ಲತೈತಿ. ನೀವು ಬರಸಿದ್ರಾಗ ಎರಡಕ್ಕೂ ಸಂಬಂಧನ ಇಲ್ರಿ. ಹಂಗಾದ್ರ ಎರಡನೇ ಕೂಸು ಅಳಕೋತನ ಮಕ್ಕೋಬೇಕಾಗತೈತ್ರಿ.’

ತರಗತಿ ನಕ್ಕಿತು. ಸರ್ ನಗಲಿಲ್ಲ. ‘ಇದು ಫಿಜಿಕ್ಸ್ ಕ್ಲಾಸ್ ಐತೋ, ಬಾಣಂತಿ ಖೋಲಿ ಐತೋ? ಕುಂದರು’ ಎಂದರು. ಅದಕ್ಕೂ ತರಗತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಮನೆಗೆ ಹೋಗಿ ಬಿಡಿಸಿ ನೋಡಿದೆ. ಅವಳು ಹೇಳಿದ್ದೇ ಸರಿ. ಮರುದಿನ ಬಸ್‌ ಸ್ಟ್ಯಾಂಡಿನಲ್ಲಿ ಅವಳಿಗೆ ಹಾಗೆಂದು ಹೇಳಿದೆ ಕೂಡ. ಬಸ್‌ ಸ್ಟ್ಯಾಂಡಿನಲ್ಲಿ ಸತ್ಯ ಹೇಳುವುದಕ್ಕೆ ಧೈರ್ಯವೇನೂ ಬೇಕಾಗಿರಲಿಲ್ಲ.

ಮಾರ್ಚಿನಲ್ಲಿ ಜರ್ನಲಿಗೆ ಸಹಿ ಮಾಡಿಸಿಕೊಳ್ಳುವ ಸರದಿ ಬಂತು. ಜರ್ನಲಿಗೆ ಇಪ್ಪತ್ತೈದು ಅಂಕ, ಕೊಡುವವರು ಗೂಳಪ್ಪ ಸರ್. ಶೇವಂತಿ ಮೇಜಿನ ಮುಂದಿದ್ದಳು, ನಾನು ಅವಳ ಹಿಂದೆಯೇ ನಿಂತಿದ್ದೆ. ಅವಳು ತನ್ನ ಜರ್ನಲಿನಲ್ಲಿ ವ್ಯತ್ಯಾಸದ ವರ್ಗವನ್ನೇ ಬರೆದಿದ್ದಳು. ರೀಡಿಂಗಿನ ಜಾಗದಲ್ಲಿ ‘ಉಪಕರಣ ದೊರೆಯಲಿಲ್ಲ’ ಎಂದು ಬರೆದಿದ್ದಳು.

ಸರ್ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ನೋಟಬುಕ್ಕನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ಹಾಳೆ ನಡುವೆ ಹರಿದಿತ್ತು. ಅದರ ಮೇಲೆ ಗೋಂದಿನಿಂದ ಕಾಗದದ ಪಟ್ಟಿ ಅಂಟಿಸಿತ್ತು. ಪಟ್ಟಿಯ ತುದಿಯನ್ನು ಉಗುರಿನಿಂದ ಎತ್ತಿ ತೋರಿಸಿದರು. ವರ್ಗವನ್ನು ಬಿಡಿಸಿ ಬರೆದ ಸಾಲಿನಲ್ಲಿ, ಎಕ್ಸ್ ಒಂದನ್ನೂ ಎಕ್ಸ್ ಎರಡನ್ನೂ ಗುಣಿಸಿದ ನಡುವಿನ ಪದ ಅದರ ಕೆಳಗೆ ಕುಳಿತಿತ್ತು. ಪಟ್ಟಿ ಅಂಟಿಸಿದ ಮೇಲೆ ಕಣ್ಣಿಗೆ ಕಂಡಷ್ಟನ್ನೇ ಈ ಮಹಾನುಭಾವರು ಹದಿನಾಲ್ಕು ವರ್ಷ ಬರೆಸುತ್ತ ಬಂದಿದ್ದರು.

‘ನೋಡವಾ, ನೀ ಹೇಳೂದು ಖರೆ ಐತಿ’ ಎಂದರು. ‘ನನಗೂ ಎರಡು ವರ್ಷದ ಹಿಂದ ತಿಳೀತು. ಆದ್ರ ನನ್ನ ಕೈಯಾಗ ಕಲತವರು ಮುಧೋಳದಾಗ, ಬೀಳಗ್ಯಾಗ ಮಾಸ್ತರ ಆಗ್ಯಾರ. ಈಗ ತಪ್ಪು ಅಂದ್ರ ಅವರ ಮುಂದ ಹ್ಯಾಂಗ ನಿಲ್ಲಲಿ? ನೋಟ್ಸಿನಂಗ ತಿದ್ದಿಕೊಂಡು ಬಾ, ಸಹಿ ಹಾಕ್ತೀನಿ.’

‘ನಮ್ಮ ಮುಂದ ಹ್ಯಾಂಗ ನಿಲ್ಲತೀರಿ ಸರ?’

‘ನಿಮ್ಮದೇನು, ಇದೊಂದು ವರ್ಷ.’

ಶೇವಂತಿ ನನ್ನ ಕಡೆ ತಿರುಗಿದಳು. ‘ನಾಮದೇವಾ, ನೀನರ ಹೇಳೋ. ನೀನೂ ಬಿಡಿಸಿ ನೋಡೀದಿಲ್ಲೋ?’

ಸರ್ ಕೂಡ ನನ್ನ ಮುಖ ನೋಡಿದರು. ನನ್ನ ಕೈಯಲ್ಲಿ ಜರ್ನಲ್ ಇತ್ತು.

‘ನಾ ನೋಟ್ಸಿನಂಗ ಬರದೇನ್ರಿ ಸರ’ ಎಂದೆ.

ಅವರು ಅದನ್ನು ತೆಗೆದುಕೊಂಡು, ಪುಟ ತಿರುವದೆಯೇ ಸಹಿ ಹಾಕಿದರು. ನನಗೆ ಇಪ್ಪತ್ಮೂರು ಅಂಕ ಬಂತು. ಅವಳು ತಿದ್ದಲಿಲ್ಲ, ಆರು ಬಂತು. ಜೂನಿನಲ್ಲಿ ಫಲಿತಾಂಶ ಬಂದಾಗ ಒಂಬತ್ತು ಅಂಕದಿಂದ ಅವಳಿಗೆ ಫಸ್ಟ್ ಕ್ಲಾಸ್ ತಪ್ಪಿತ್ತು. ನನಗೆ ಮೂರು ಅಂಕದಿಂದ ದಕ್ಕಿತ್ತು. ರಾಮಲಿಂಗಪ್ಪ ಆಡಿದ ಮಾತಿನಂತೆ ಮಗಳನ್ನು ಮಗ್ಗಕ್ಕೆ ಕೂಡಿಸಿದ. ನಾನು ಟ್ರಂಕು ಹೊತ್ತು ಧಾರವಾಡದ ಬಸ್ಸು ಹತ್ತಿದೆ.

ಗೂಳಪ್ಪ ಸರ್ ಹೇಡಿ. ಇದನ್ನು ಬರೆಯಲು ನನಗೆ ಹದಿನೇಳು ವರ್ಷ ಹಿಡಿಯಿತು, ಅದೂ ಸಂಚಿಕೆಯಲ್ಲಲ್ಲ. ಆದರೆ ಹೇಡಿತನದಲ್ಲಿ ಅವರದು ಎರಡನೆಯ ಸ್ಥಾನ.

ಧಾರವಾಡದಲ್ಲಿ ಮೊದಲ ವಾರವೇ ಪ್ರೊಫೆಸರರು ಒಬ್ಬೊಬ್ಬರನ್ನು ಹಲಗೆಗೆ ಕರೆದರು. ನನ್ನ ಪಾಲಿಗೆ ಬಂದದ್ದು ಸ್ಪ್ರಿಂಗಿನಿಂದ ಜೋಡಿಸಿದ ಎರಡು ಲೋಲಕಗಳ ಲಗ್ರಾಂಜಿಯನ್. ಸೀಮೆಸುಣ್ಣ ಹಿಡಿದು, ಎಲ್ಲೂ ತಡೆಯದೆ, ವ್ಯತ್ಯಾಸದ ವರ್ಗ ಹಾಕಿ ಬಿಡಿಸಿದೆ. ನಡುವಿನ ಆ ಪದ ಏಕೆ ಬೇಕೆಂದೂ ವಿವರಿಸಿದೆ. ಪ್ರೊಫೆಸರರಿಗೆ ಬಹಳ ಸಂತೋಷವಾಯಿತು. ಬೇರೆ ಬೇರೆ ಊರುಗಳಿಂದ ಬಂದ ಹುಡುಗರ ಮುಂದೆ ನನ್ನ ಬೆನ್ನು ತಟ್ಟಿ, ಇದನ್ನು ಇಷ್ಟು ಚೆನ್ನಾಗಿ ನಿನಗೆ ಯಾರು ತಿಳಿಸಿಕೊಟ್ಟರು ಎಂದು ಕೇಳಿದರು.

‘ಗೂಳಪ್ಪ ಸರ್’ ಎಂದೆ.