ತೊಕಿಯೆಯ ಒಂಬತ್ತು ಕಂತೆಗಳು

ಬೆಳಕು ಹರಿಯುವ ಮುಂಚೆಯೇ ತೊಕಿಯೆ ಅಕ್ಕಿ ತೊಳೆದು ಒಲೆಗಿಟ್ಟಿದ್ದಳು, ಮಿಸೊ ಸಾರಿಗೆ ಮೂಲಂಗಿ ಹೆಚ್ಚಿದ್ದಳು, ಗಂಡನ ಊಟದ ಡಬ್ಬಿ ಕಟ್ಟಿದ್ದಳು, ಬಟ್ಟೆ ಒಗೆದು ಹರವಿದ್ದಳು. ಆಮೇಲೆ ಅದೇ ಅಡುಗೆ ಮೇಜನ್ನು ಒರೆಸಿ ಬೆಸುಗೆ ಕಡ್ಡಿಯನ್ನು ಕಾಯಲಿಟ್ಟಳು. 1979ರ ಆ ವಸಂತದಲ್ಲಿ ಜಪಾನಿನ ಕವಾಗುಚಿಯ ನಮ್ಮ ಗಲ್ಲಿಯ ಹನ್ನೊಂದು ಮನೆಗಳಲ್ಲೂ ಹೆಂಗಸರದು ಇದೇ ಕೆಲಸ. ಕಾಫಿ ಅಂಗಡಿಗಳಲ್ಲಿ ಗಂಡಸರು ಮೇಜಿನ ಗಾಜಿನಡಿ ಇಳಿದುಬರುವ ಶತ್ರುಗಳಿಗೆ ಗುಂಡು ಹೊಡೆಯುತ್ತಿದ್ದರು; ಆ ವಿಡಿಯೊ ಆಟದ ಮೇಜುಗಳ ಹೊಟ್ಟೆಯೊಳಗಿನ ತಂತಿ ಕಂತೆಗಳನ್ನು ನಾವು ಕಟ್ಟುತ್ತಿದ್ದೆವು. ಕಾರ್ಖಾನೆಯವರು ಇದನ್ನು ಬಿಡುವಿನ ಕೆಲಸ ಎನ್ನುತ್ತಿದ್ದರು. ತೊಕಿಯೆಗೆ ಬಿಡುವು ಎಲ್ಲಿತ್ತೋ ಅವರಿಗೇ ಗೊತ್ತು.

ಮುಗಿದ ಕಂತೆಯ ಬಾಲ ಬಾಗಿಲ ಕಡೆಗೆ, ಬೆಸುಗೆಗೆ ಇನ್ನೂ ಟೇಪು ಸುತ್ತದಿದ್ದರೆ ಗೋಡೆ ಕಡೆಗೆ. ಅದು ಅವಳ ಗುರುತು; ಕಾರ್ಖಾನೆಯಿಂದ ಬರುವ ಒಗಿನೊ ಬಾಗಿಲ ಕಡೆಯವನ್ನಷ್ಟೇ ಒಯ್ಯುತ್ತಿದ್ದ. ಈಗ ನೋಡಿದರೆ ಗೋಡೆ ಕಡೆ ತಿರುಗಿಸಿಟ್ಟ ಒಂಬತ್ತೂ ಇಲ್ಲ.

"ಅಮ್ಮಾ, ಇಲ್ಲಿದ್ದ ಕಂತೆಗಳು?"

"ನಿನ್ನೆ ನೀನು ಮೀನು ತರೋಕೆ ಹೋದಾಗ ಒಗಿನೊ ಬಂದು ಎಲ್ಲಾ ತಗೊಂಡ್ಹೋದ," ಎಂದರು ಅತ್ತೆ. "ಒಂದು ಆ ಕಡೆ, ಒಂದು ಈ ಕಡೆ ಇಟ್ಟಿದ್ದೆಯಲ್ಲ, ನಾನೇ ಎಲ್ಲಾನೂ ಬಾಗಿಲ ಕಡೆ ತಿರುಗಿಸಿಟ್ಟಿದ್ದೆ, ಚಪ್ಪಲಿ ಜೋಡಿಸ್ದಂಗೆ. ಇದನ್ನೂ ನಾನೇ ಕಲಿಸಬೇಕೇನೆ?"

ತೊಕಿಯೆ ಮೇಜಿನ ಮೇಲಿನ ಟೇಪಿನ ಸುರುಳಿ ನೋಡಿದಳು. ಟೇಪಿಲ್ಲದ ಬರಿಮೈ ಬೆಸುಗೆ ಆಟದ ಮೇಜಿನ ನಾಣ್ಯ ಹಾಕುವ ಕಬ್ಬಿಣದ ಬಾಗಿಲಿಗೆ ತಗುಲಿ ಕರೆಂಟು ಹರಿದರೆ, ಅದನ್ನು ಮುಟ್ಟಿದವರ ಗತಿ?

ಎಂಟಕ್ಕೆ ಒಗಿನೊ ಹೊಸ ತಂತಿ ತಂದ.

"ಒಗಿನೊ ಸಾನ್, ಅಲ್ಲಿ ಕಂತೆ ಬಿಚ್ಚಿ ನೋಡ್ತಾರಾ?"

"ಯಾರಿಗಕ್ಕಾ ಪುರುಸೊತ್ತು! ಸ್ವಿಚ್ ಹಾಕ್ತಾರೆ, ಶತ್ರುಗಳು ಕುಣಿದ್ರೆ ಪಾಸು. ಇವತ್ತು ಸಂಜೆ ಲಾರಿಗೆ. ಯಾಕೆ, ತಂತಿ ಅಂತ ನೂಡಲ್ಸ್ ಕಟ್ಟಿಬಿಟ್ರಾ?"

ಅವಳೂ ನಕ್ಕಳು.

"ತಮಾಷೆ ಅಲ್ಲ," ಎಂದ ಅವನು ಸೈಕಲ್ ಏರುತ್ತ. "ಹಿಂದಿನ ಗಲ್ಲೀಲಿ ಒಬ್ಬಳು ತಂತಿ ಅದಲುಬದಲು ಮಾಡಿದ್ಳು. ಈಗ ಆ ಗಲ್ಲೀಗೇ ಕೆಲಸ ಇಲ್ಲ."

ಕಂತೆಗಳ ಮೇಲೆ ಯಾರ ಹೆಸರೂ ಇರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಹೇಳಿದರೆ ಹನ್ನೊಂದು ಮನೆಗಳಿಗೂ ಕೆಲಸ ತಪ್ಪಬಹುದು. ತಟ್ಟೆ ತೊಳೆಯುವಾಗ ಅವಳ ಕಣ್ಣ ಮುಂದೆ ಬರೀ ಕೈಗಳು: ಬೆವರಿದ ಕೈಗಳು, ನಾಣ್ಯ ಹಿಡಿದ ಕೈಗಳು, ಮೇಜು ಒರೆಸುವ ಯಾವಳೋ ಹುಡುಗಿಯ ಒದ್ದೆ ಕೈ.

"ಟೀ ಎಲ್ಲಿ?" ಎಂದು ಅತ್ತೆ ಒಳಗಿನಿಂದ ಕೂಗಿದರು.

ತೊಕಿಯೆ ಒದ್ದೆ ಕೈ ಒರೆಸಿಕೊಂಡಳು. ಟೇಪಿನ ಸುರುಳಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡು ಹೊರಟಳು. ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ಕೇಳಿದ, "ಯಾವ ಗಲ್ಲಿಯವರು?"

ಅವಳು ಜೇಬಿನಿಂದ ಟೇಪು ಹೊರತೆಗೆದಳು.

"ಗಲ್ಲಿ ಬೇಡ," ಎಂದಳು. "ನನ್ನ ಹೆಸರು ಬರ್ಕೊಳ್ಳಿ. ತಪ್ಪು ನಂದೊಬ್ಬಳದೇ."