ನಡೆಯುವ ದಾರಿ ಮೊದಲು

ಕಟ್ಟಡ ನಿರ್ಮಾಣದ ಕ್ಷೇತ್ರದಲ್ಲಿ ಎತ್ತರಕ್ಕೆ ಕಟ್ಟಿದವರನ್ನು ಲೋಕ ನೆನೆಯುತ್ತದೆ. ಕಟ್ಟುವವರು ಸಂಜೆ ಕೈಕಾಲು ಸಮೇತ ಮನೆ ಸೇರುವಂತೆ ಕಟ್ಟಿಸಿದವರನ್ನು ನೆನೆಯುವ ವಾಡಿಕೆ ಕಡಿಮೆ. ಈಗ ನಿವೃತ್ತರಾಗುತ್ತಿರುವ ನಮ್ಮ ಪೂಜ್ಯ ಯೋಜನಾ ಎಂಜಿನಿಯರರು ಈ ಎರಡನೆಯ ಪಂಕ್ತಿಗೆ ಸೇರಿದವರು, ಅಲ್ಲಿ ಮೊದಲ ಆಸನ ಅವರದು. ಅವರ ಕೈಕೆಳಗೆ ಸೈಟ್ ಎಂಜಿನಿಯರನಾಗಿ ಬಹುಕಾಲ ದುಡಿದ ನನಗೆ ಈ ಅಭಿನಂದನ ಗ್ರಂಥಕ್ಕೆ ಬರೆಯುವ ಭಾಗ್ಯ ಒದಗಿದೆ. "ಶುಭ ಸಂದರ್ಭ, ಹಳೇ ಗಾಯ ಕೆರೀಬೇಡಿ" ಎಂದು ಸನ್ಮಾನ ಸಮಿತಿಯವರು ಮೊದಲೇ ಎಚ್ಚರಿಸಿದ್ದಾರೆ. ಗಾಯ ಹಳೆಯದಾಗಿದ್ದರೆ ಅವರ ಮಾತನ್ನು ಖಂಡಿತ ನಡೆಸಿಕೊಡುತ್ತಿದ್ದೆ.

ನಾನು ಕೆಲಸಕ್ಕೆ ಸೇರಿದ ದಿನ ಅವರು ತಗಡಿನ ಶೆಡ್ಡಿನಲ್ಲಿ ಕೂತು ಹೊಸ ನಿವೇಶನದ ನಕ್ಷೆ ಬರೆಯುತ್ತಿದ್ದರು. ಕ್ರೇನ್ ಎಲ್ಲಿ, ಕಬ್ಬಿಣದ ರಾಶಿ ಎಲ್ಲಿ ಎಂದು ಗುರುತಿಸುವ ಮೊದಲೇ ಗೇಟಿನಿಂದ ಜನ ನಡೆಯುವ ದಾರಿ, ಕುಡಿಯುವ ನೀರಿನ ನಲ್ಲಿ, ಹೆಂಗಸರ ಶೌಚಾಲಯ ಹಾಳೆಯ ಮೇಲೆ ಬಂದಾಗಿತ್ತು. "ಮಿಕ್ಕಿದ್ದೆಲ್ಲ ಇವುಕ್ಕೆ ಜಾಗ ಬಿಟ್ಟು ಕೂರ್ಲಿ" ಎಂದರು. ಕೆಲಸಗಾರರು ಅವರನ್ನು ಹಾದಿ ಮೇಷ್ಟ್ರು ಎಂದು ಕರೆದದ್ದು ಇದಕ್ಕೇ.

ಪದ್ಯ ಕೇಳುತ್ತ ಬೆಳೆದವನು ನಾನು; ಅಜ್ಜ ಓದುವಾಗ ಒಂದು ಪಾದ ಜಾರಿದರೂ ಕೇಳುವವನ ಕಿವಿಗೆ ತಟ್ಟಬೇಕೆಂಬ ಶಿಸ್ತಿನ ಮನೆ ನಮ್ಮದು. ಮೇಷ್ಟ್ರ ಬೆಳಗಿನ ವಾಚನ ಆದ್ದರಿಂದಲೇ ನನ್ನ ಮನಸ್ಸಿಗೆ ಹಿಡಿಸಿತು. ಕೆಲಸಕ್ಕೆ ಮುನ್ನ ಎಲ್ಲರನ್ನೂ ನಿಲ್ಲಿಸಿಕೊಂಡು ಆ ದಿನದ ಯೋಜನೆಯನ್ನು ಗಟ್ಟಿಯಾಗಿ ಓದುವರು. ಪ್ರತಿ ತಂಡವೂ ತನ್ನ ಕೆಲಸ, ಜಾಗ, ಹೊತ್ತನ್ನು ತನ್ನ ಬಾಯಲ್ಲೇ ತಿರುಗಿ ಹೇಳಬೇಕು. ಒಂದೇ ಹೊತ್ತಿಗೆ ಒಂದೇ ಜಾಗ ಎರಡು ಬಾಯಿಂದ ಬಂತೋ, ಅಲ್ಲಿಗೆ ವಾಚನ ನಿಂತಿತು. ಕ್ರೇನಿನ ಹೊರೆಯ ಕೆಳಗೆ ಯಾರೂ ಇರದಂತೆ ಸರಿಪಡಿಸಿದ ಮೇಲೆಯೇ ಮುಂದಿನ ಸಾಲು. ಒಮ್ಮೆ ಮಗುವಿನ ಜ್ವರದಿಂದ ನಿದ್ದೆಗೆಟ್ಟು ಬಂದ ಕ್ರೇನ್ ಚಾಲಕನ ಮುಖ ನೋಡಿ, ಓದುತ್ತ ಓದುತ್ತಲೇ ಎತ್ತುವ ಕೆಲಸವನ್ನು ಮಧ್ಯಾಹ್ನಕ್ಕೆ ದೂಡಿ ಗೋಡೆ ಕೆಲಸವನ್ನು ಮುಂದಕ್ಕೆ ತಂದರು. ಚಾಲಕ ಶೆಡ್ಡಿನ ಬೆಂಚಿನ ಮೇಲೆ ಮಲಗಿ ಎದ್ದ.

ಹೊಸದಾಗಿ ಬಂದ ನಿರ್ದೇಶಕರಿಗೆ ಇದು ಹಿಡಿಸಲಿಲ್ಲ. "ಏನ್ರೀ ಇದು, ಪ್ರೈಮರಿ ಸ್ಕೂಲಾ? ಮಗ್ಗಿ ಹೇಳಿಸ್ತಿದ್ದೀರಲ್ಲ" ಎಂದರು.

"ಮಗ್ಗಿ ತಪ್ಪಿದ್ರೆ ಪೆಟ್ಟು ಅಂಗೈಗೆ ಬೀಳುತ್ತೆ ಸಾರ್. ಇಲ್ಲಿ ತಪ್ಪಿದ್ರೆ ತಲೆಗೆ" ಎಂದರು ಮೇಷ್ಟ್ರು.

ಎರಡನೆಯ ಬ್ಲಾಕಿಗೆ ಬೇಕಾದ ಗಾಜು, ಅಗ್ಗಕ್ಕೆ ಸಿಕ್ಕಿತೆಂದು ನಿರ್ದೇಶಕರು ತರಿಸಿದ್ದರಿಂದ, ಯೋಜನೆಗಿಂತ ಎಷ್ಟೋ ಮೊದಲು ಬಂದಿಳಿಯಿತು. ಇಡಲು ಜಾಗವಿಲ್ಲದೆ ಪೆಟ್ಟಿಗೆಗಳನ್ನು ನಡೆಯುವ ದಾರಿಯ ಮೇಲೆ ಪೇರಿಸಿದರು. ದಾರಿ ತೆರೆಯುವವರೆಗೂ ಕ್ರೇನ್ ಆಡಕೂಡದೆಂದು ಮೇಷ್ಟ್ರು ಪಟ್ಟು ಹಿಡಿದರು. ಮರುದಿನವೇ ಅವರಿಗೆ ಮುಖ್ಯ ಕಚೇರಿಯಲ್ಲಿ ಜೆರಾಕ್ಸ್ ಯಂತ್ರದ ಪಕ್ಕ ಒಂದು ಕುರ್ಚಿ ಸಿಕ್ಕಿತು. ವಾಚನ ನಿಂತಿತು, ಯೋಜನೆ ಎಲ್ಲರ ಮೊಬೈಲಿಗೆ ಹೋಗತೊಡಗಿತು, ಅಲ್ಲೇ ಉಳಿಯತೊಡಗಿತು. ದಾರಿ ಇಲ್ಲದ ಜನ ಕ್ರೇನಿನ ಕೆಳಗೇ ಓಡಾಡಿದರು. ಒಂದು ಬೆಳಿಗ್ಗೆ ಮೇಲಿನಿಂದ ಸರಳಿನ ಕಟ್ಟು ಜಾರಿ, ನಾವೆಲ್ಲ ಅಕ್ಕ ಎನ್ನುತ್ತಿದ್ದ ಕಬ್ಬಿಣ ಕಟ್ಟುವಾಕೆಯ ಬಲಪಾದ ಹೋಯಿತು. ಚಾಲಕನ ಅಜಾಗರೂಕತೆ ಎಂದು ವಿಚಾರಣೆ ತೀರ್ಮಾನಿಸಿತು, ಚಾಲಕನ ಕೆಲಸ ಹೋಯಿತು. ಪೆಟ್ಟಿಗೆಗಳ ಬಗ್ಗೆ ಅದರಲ್ಲಿ ಚಕಾರವಿಲ್ಲ. ಗಾಜು ಮಾತ್ರ ಒಂದೂ ಒಡೆದಿಲ್ಲ.

ಅದೇ ನಿರ್ದೇಶಕರು ಈ ಗ್ರಂಥಕ್ಕೆ ಮುನ್ನುಡಿ ಬರೆದು ಮೇಷ್ಟ್ರನ್ನು "ಸುರಕ್ಷತೆಯ ಹರಿಕಾರ" ಎಂದಿದ್ದಾರೆ. ಓದಿ ನನ್ನ ಮೈ ಉರಿಯಿತು. ಸನ್ಮಾನವಿರುವುದು ಆ ನಿವೇಶನದ್ದೇ ಮೊದಲ ಬ್ಲಾಕಿನ ಸಭಾಂಗಣದಲ್ಲಿ. ಪಕ್ಕದಲ್ಲಿ ಕ್ರೇನ್ ಇನ್ನೂ ಆಡುತ್ತಿದೆ, ದಾರಿ ಇನ್ನೂ ಮುಚ್ಚಿದೆ.

ಮೇಷ್ಟ್ರನ್ನು ಆಹ್ವಾನಿಸಲು ಹೋದವರ ಜೊತೆ ನಾನೂ ಇದ್ದೆ. "ಕಾರು ಕಳಿಸ್ತೀವಿ ಸಾರ್, ಸಭಾಂಗಣದ ಬಾಗಿಲಿಗೇ ಬಂದು ನಿಲ್ಲುತ್ತೆ" ಎಂದರು ಸಮಿತಿಯವರು.

"ಕಾರು ಬೇಡಪ್ಪ. ನಡೆಯೋ ದಾರೀಲೇ ಬರ್ತೀನಿ. ಅಕ್ಕನೂ ಚಾಲಕನೂ ಜೊತೇಲಿರ್ತಾರೆ. ದಾರಿ ತೆರೆದಿದ್ರೆ ಒಳಗೆ ಬರ್ತೀವಿ, ಇಲ್ದಿದ್ರೆ ಗೇಟಿಂದ್ಲೇ ವಾಪಸ್ಸು."

"ಸಾರ್‌ಗೆ ಯಾವಾಗ್ಲೂ ತಮಾಷೆ" ಎಂದು ಅವರು ನಕ್ಕು ಎದ್ದರು. ಆದರೆ ಮೇಷ್ಟ್ರು ಆಡಿದ್ದು ಬೆಳಗಿನ ವಾಚನದ ದನಿಯಲ್ಲಿ. ಆ ದನಿಯಲ್ಲಿ ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿಲ್ಲ.

ಈ ಲೇಖನ ಅಚ್ಚಿಗೆ ಹೋಗುವಾಗಲೂ ಪೆಟ್ಟಿಗೆಗಳು ಅಲ್ಲೇ ಇವೆ. ಆ ದಿನ ನನ್ನನ್ನು ವೇದಿಕೆಯ ಮೇಲೆ ಹುಡುಕಬೇಡಿ, ಗೇಟಿನ ಬಳಿ ಅವರ ಪಕ್ಕದಲ್ಲಿರುತ್ತೇನೆ. ನಿವೃತ್ತಿಯ ನಂತರ ಹೊಸ ಎಂಜಿನಿಯರುಗಳಿಗೆ ವಾಚನ ಕಲಿಸಲು ಮೇಷ್ಟ್ರು ಒಪ್ಪಿದ್ದಾರೆ. ಆ ಕೆಲಸಕ್ಕೆ ಬೇಕಾದ ಆಯುಸ್ಸು, ಆರೋಗ್ಯ, ಗಟ್ಟಿ ಗಂಟಲು ಅವರಿಗೆ ಬಹುಕಾಲ ಇರಲೆಂದು ದೇವರಲ್ಲಿ ಬೇಡುತ್ತೇನೆ. ಪೆಟ್ಟಿಗೆ ಎತ್ತಿಸಲು ಮಾತ್ರ ದೇವರನ್ನು ಕರೆಯಬೇಕಾಗಿಲ್ಲ. ನಿರ್ದೇಶಕರು ಬಾಯಿ ಬಿಟ್ಟು ಒಂದು ಮಾತು ಹೇಳಿದರೆ ಸಾಕು.